ಹಗುರ ಡೆಕ್ಕೋ, ಭಾರದ ಡೆಕ್ಕೋ? ಮೊಬೈಲ್ ಕಾರ್ಡಾಟದ ಲೆಕ್ಕ ಮತ್ತು ಹೊಸ ಕಾನೂನು

ಹಟ್ಟಿಕೇರಿ (ಅಂಕೋಲಾ): ಕಾರ್ಡು ಅಂದ ಕೂಡಲೇ ಕರಾವಳಿಯಲ್ಲಿ ನೆನಪಾಗೋದು ಇಸ್ಪೀಟು, ಅಂದರ್-ಬಾಹರ್, ಪೊಲೀಸ್ ದಾಳಿ. ಹಾಗಾಗಿ ಮಗ ಮೊಬೈಲಿನಲ್ಲಿ ಕಾರ್ಡು ಆಡ್ತಾನೆ ಅಂದರೆ ಮನೆಯವರಿಗೆ ಹೆದರಿಕೆ. ಆದರೆ ಕ್ಲಾಶ್ ರಾಯಲ್‌ನಂಥ ಆಟದ ಜಾತಿಯೇ ಬೇರೆ. ಫಿನ್ಲೆಂಡಿನ ಸೂಪರ್‌ಸೆಲ್ ಕಂಪನಿ 2016ರಲ್ಲಿ ಬಿಟ್ಟ ಈ ಆಟಕ್ಕೆ 2025ರಲ್ಲಿ ಮತ್ತೆ ಜೀವ ಬಂತು. ಅದೇ ವರ್ಷ ಆನ್‌ಲೈನ್ ಆಟಗಳ ಮೇಲೆ ಕೇಂದ್ರದ ಹೊಸ ಕಾನೂನೂ ಬಂತು. ಯಾವುದು ಆಟ, ಯಾವುದು ಜೂಜು ಅಂತ ಪಾಲಕರಿಗೂ ಅಂಗಡಿಕಾರರಿಗೂ ಗೊತ್ತಿರಬೇಕಾದ ಹೊತ್ತಿದು.

ಎಂಟು ಕಾರ್ಡಿನ ಲೆಕ್ಕ

ಇಸ್ಪೀಟಿನಲ್ಲಿ ಕೈಗೆ ಬಂದ ಎಲೆಯಲ್ಲೇ ಆಡಬೇಕು. ಇಲ್ಲಿ ಆಟಗಾರ ತನ್ನ ಎಂಟು ಕಾರ್ಡುಗಳನ್ನು ಮೊದಲೇ ಆರಿಸಿಕೊಳ್ಳುತ್ತಾನೆ. ಆ ಕಟ್ಟಿಗೆ ಡೆಕ್ ಅಂತ ಹೆಸರು. ಕಾರ್ಡು ಇಳಿಸಲು ಎಲಿಕ್ಸಿರ್ ಖರ್ಚಾಗುತ್ತದೆ. ಅದು ಸುಮಾರು 2.8 ಸೆಕೆಂಡಿಗೆ ಒಂದರಂತೆ ತುಂಬುತ್ತದೆ, 10ಕ್ಕಿಂತ ಹೆಚ್ಚು ಕೂಡಿಡಲು ಆಗುವುದಿಲ್ಲ. ಮೂರು ನಿಮಿಷದ ಆಟದ ಕೊನೆಯ ನಿಮಿಷದಲ್ಲಿ ಎಲಿಕ್ಸಿರ್ ದುಪ್ಪಟ್ಟು ವೇಗದಲ್ಲಿ ಬರುತ್ತದೆ.

ಹಗುರ ಡೆಕ್‌ನವರ ನಂಬಿಕೆ ವೇಗದ ಮೇಲೆ. ಹೆಸರಾಂತ '2.6 ಹಾಗ್' ಡೆಕ್ ನೋಡಿ: ಹಾಗ್ ರೈಡರ್, ಮಸ್ಕೆಟೀರ್, ಫೈರ್‌ಬಾಲ್ ತಲಾ 4, ಕ್ಯಾನನ್ 3, ಐಸ್ ಗೋಲೆಮ್ ಮತ್ತು ಲಾಗ್ ತಲಾ 2, ಐಸ್ ಸ್ಪಿರಿಟ್ ಮತ್ತು ಸ್ಕೆಲೆಟನ್ಸ್ ತಲಾ 1. ಒಟ್ಟು 21, ಎಂಟರಿಂದ ಭಾಗಿಸಿದರೆ ಸರಾಸರಿ 2.6. ಆಡಿದ ಕಾರ್ಡು ಮತ್ತೆ ಕೈಗೆ ಬರಲು ಬೇರೆ ನಾಲ್ಕು ಕಾರ್ಡು ಇಳಿಸಬೇಕು. ಅಗ್ಗದ ನಾಲ್ಕನ್ನು ಇಳಿಸಿದರೆ ಬರೀ 6 ಎಲಿಕ್ಸಿರ್ ಖರ್ಚು. ಅಂದರೆ 17 ಸೆಕೆಂಡಿನಷ್ಟರಲ್ಲಿ ಹಾಗ್ ರೈಡರ್ ಮತ್ತೆ ಕೈಯಲ್ಲಿ!

ಭಾರದ ಡೆಕ್‌ನವರದು ತಾಳ್ಮೆಯ ಆಟ. ಗೋಲೆಮ್ ಒಂದಕ್ಕೇ 8 ಎಲಿಕ್ಸಿರ್ ಬೇಕು. ಅದನ್ನು ಹಿಂದಿನಿಂದ ನಿಧಾನಕ್ಕೆ ಬಿಟ್ಟು, ಬೆನ್ನಿಗೆ ಪಡೆ ಕಟ್ಟುತ್ತಾರೆ. ಆದರೆ ಅದನ್ನು ಇಳಿಸಿದ ಕ್ಷಣ ಕೈಯಲ್ಲಿ ಉಳಿಯೋದು ಹೆಚ್ಚೆಂದರೆ 2. ಮೈದಾನಕ್ಕೆ ಎರಡು ದಾರಿ. ಟೋಲ್ ಗೇಟಿನ ಒಂದು ಲೇನಿನಲ್ಲಿ ದೊಡ್ಡ ಲಾರಿ ನಿಂತಾಗ ಪಕ್ಕದ ಲೇನಿನಲ್ಲಿ ಬೈಕು ನುಗ್ಗಿದ ಹಾಗೆ, ಹಗುರ ಡೆಕ್‌ನವ ಖಾಲಿ ದಾರಿಯಲ್ಲಿ ನುಗ್ಗುತ್ತಾನೆ. ಅದೇ ಕೊನೆಯ ನಿಮಿಷಕ್ಕೆ ಬಂದರೆ ಭಾರದವನ ಕೈ ಮೇಲಾಗಬಹುದು. ದುಬಾರಿ ಕಾರ್ಡು ಇಳಿಸಲು ಆಗ ಎಲಿಕ್ಸಿರ್‌ಗೆ ಬರವಿಲ್ಲ.

ಮೂರನೆಯದು ಕಾದು ಹೊಡೆಯುವ ಡೆಕ್. ಎದುರಾಳಿಯ 7-8 ಎಲಿಕ್ಸಿರ್‌ನ ದಾಳಿಯನ್ನು 5ರಲ್ಲಿ ತಡೆದು, ಉಳಿಸಿದ ಎರಡು-ಮೂರರಲ್ಲಿ ತಿರುಗಿ ಹೊಡೆಯುವುದು. ಖರೀದಿ ದರಕ್ಕೂ ಮಾರಾಟ ದರಕ್ಕೂ ಇರುವ ಅಂತರದಲ್ಲೇ ಬದುಕುವ ವ್ಯಾಪಾರಸ್ಥರಿಗೆ ಈ ಲೆಕ್ಕ ಹೇಳಿಕೊಡಬೇಕಿಲ್ಲ.

ದುಡ್ಡು ಎಲ್ಲಿ ನುಗ್ಗುತ್ತದೆ?

ಇಷ್ಟರವರೆಗೆ ಎಲ್ಲ ಬುದ್ಧಿಯ ಆಟ. ತೊಡಕು ಇರೋದು ಕಾರ್ಡಿನ 'ಲೆವೆಲ್'ನಲ್ಲಿ. ಅದೇ ಕಾರ್ಡು ಲೆವೆಲ್ ಏರಿದಷ್ಟೂ ಗಟ್ಟಿ. ಆಡ್ತಾ ಆಡ್ತಾ ಏರಿಸಬಹುದು, ದುಡ್ಡು ಕೊಟ್ಟು ಬೇಗ ಏರಿಸಬಹುದು. ಪೆಟ್ಟಿಗೆ ತೆರೆದರೆ ಏನು ಬರುತ್ತದೆ ಅನ್ನುವುದು ಅದೃಷ್ಟದ ಮಾತು, ಚಟ ಹತ್ತೋದು ಅಲ್ಲೇ. ಸೋತವನಿಗೆ ಡೆಕ್ ತಪ್ಪೋ ಲೆವೆಲ್ ಕಮ್ಮಿಯೋ ಗೊತ್ತಾಗೋದಿಲ್ಲ, ಕೈ ಯುಪಿಐ ಕಡೆ ಹೋಗುತ್ತದೆ. ಪಳಗಿದ ಆಟಗಾರರು ಡೆಕ್ ಪದೇ ಪದೇ ಬದಲಿಸದೆ ಒಂದೇ ಎಂಟು ಕಾರ್ಡಿಗೆ ಅಂಟಿಕೊಳ್ಳುವುದಕ್ಕೆ ಇದೂ ಕಾರಣ. ಚಿನ್ನ ನಾಲ್ಕೂ ಕಡೆ ಹಂಚಿ ಹೋದರೆ ಯಾವ ಡೆಕ್ಕೂ ಬೆಳೆಯೋದಿಲ್ಲ.

ಕಾನೂನು ಹೇಳುವುದೇನು?

ರಾಜ್ಯ ಸರ್ಕಾರ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಹಣ ಕಟ್ಟುವ ಆನ್‌ಲೈನ್ ಆಟ ನಿಷೇಧಿಸಿತ್ತು. ಆ ತಿದ್ದುಪಡಿಯ ಅಂಶಗಳನ್ನು ಹೈಕೋರ್ಟ್ 2022ರ ಫೆಬ್ರವರಿ 14ರಂದು ರದ್ದು ಮಾಡಿತು. ಕೌಶಲದ ಆಟ ಜೂಜಲ್ಲ ಅನ್ನುವ ವಾದ ಆಗ ಗೆದ್ದಿತ್ತು. 2025ರ ಆಗಸ್ಟ್ 22ರಂದು ರಾಷ್ಟ್ರಪತಿ ಅಂಕಿತ ಬಿದ್ದ ಕೇಂದ್ರದ ಆನ್‌ಲೈನ್ ಗೇಮಿಂಗ್ ಕಾಯ್ದೆ ಆ ವಾದಕ್ಕೇ ಜಾಗ ಇಟ್ಟಿಲ್ಲ. ಕೌಶಲವೋ ಅದೃಷ್ಟವೋ, ಗೆದ್ದರೆ ಹಣ ಸಿಗುತ್ತದೆ ಅಂತ ಹಣ ಕಟ್ಟಿ ಆಡಿಸಿದರೆ ಅದು ನಿಷಿದ್ಧ. ಆಡಿಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ ಅಥವಾ ಎರಡೂ. ಜಾಹೀರಾತು ಕೊಟ್ಟವರಿಗೆ 2 ವರ್ಷದವರೆಗೆ ಜೈಲು, 50 ಲಕ್ಷದವರೆಗೆ ದಂಡ ಅಥವಾ ಎರಡೂ. ಬರೀ ಆಡಿದವರಿಗೆ ಶಿಕ್ಷೆ ಇಟ್ಟಿಲ್ಲ. ಡ್ರೀಮ್11 ಹಣದ ಸ್ಪರ್ಧೆ ನಿಲ್ಲಿಸಿದ್ದು ಇದರಿಂದಲೇ.

ಪಂದ್ಯದ ಮೇಲೆ ಪಣವಿಲ್ಲದ ಕಾರ್ಡಾಟ ಈ ನಿಷೇಧದಲ್ಲಿ ಬರುವುದಿಲ್ಲ. ಆದರೆ ಜಾತ್ರೆಗೋ ಗಣೇಶೋತ್ಸವಕ್ಕೋ ಯಾರಾದರೂ ತಲಾ 50 ರೂಪಾಯಿ ಎತ್ತಿ, ಗೆದ್ದವನಿಗೆ ಆ ಗಂಟು ಕೊಟ್ಟರೆ ಆಟದ ಬಣ್ಣವೇ ಬದಲಾಗುತ್ತದೆ. ಪ್ರವೇಶ ಶುಲ್ಕಕ್ಕೆ ಅವಕಾಶ ಇರುವುದು ಮಾನ್ಯತೆ, ನೋಂದಣಿ ಪಡೆದ ಇ-ಸ್ಪೋರ್ಟ್ಸ್‌ಗೆ ಮಾತ್ರ. ಅಲ್ಲೂ ಬೆಟ್ಟಿಂಗ್ ನಡೆಯುವಂತಿಲ್ಲ. ಊರಿನ ಯುವಕ ಮಂಡಳಿಗೆ ಸುರಕ್ಷಿತ ದಾರಿ ಒಂದೇ: ಪ್ರವೇಶ ಉಚಿತ, ಬಹುಮಾನಕ್ಕೆ ಅಂಗಡಿಯವರು ಕೊಟ್ಟ ಟ್ರೋಫಿ.

ಗಟ್ಟಿ ಲೆವೆಲ್‌ನ ಖಾತೆ ಮಾರುವ, ಕೊಳ್ಳುವ ವ್ಯವಹಾರಕ್ಕೂ ಕೈ ಹಾಕಬಾರದು. ಕಂಪನಿಯ ನಿಯಮದಲ್ಲೇ ಅದಕ್ಕೆ ಅವಕಾಶವಿಲ್ಲ, ಹಣ ಹೋದರೆ ಕೇಳಲು ದಾಖಲೆಯೂ ಇರೋದಿಲ್ಲ. ಮೋಸವಾದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು. ಪಾಲಕರು ಪ್ಲೇ ಸ್ಟೋರ್‌ನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವ ಹಾಗೆ ಸೆಟ್ಟಿಂಗ್ ಮಾಡಿ, ಯುಪಿಐ ಪಿನ್ ಮಕ್ಕಳಿಗೆ ಹೇಳದಿದ್ದರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ.