ಅಜ್ಜಿಯ ಮುಖದ ಸುಕ್ಕು

ಊರಿಗೊಂದೆರಡು ಸ್ಟುಡಿಯೋಗಳಿದ್ದ ಕಾಲದಲ್ಲಿ ಛಾಯಾಚಿತ್ರವನ್ನು ತಿದ್ದುವ ಕೆಲಸ ಪೆನ್ಸಿಲಿನದಾಗಿತ್ತು. ನುರಿತ ಕೆಲಸಗಾರನು ನೆಗೆಟಿವಿನ ಹಿಂದಿನಿಂದ ಬೆಳಕು ಬರಗೊಟ್ಟು, ಸುಕ್ಕು ಬಿದ್ದೆಡೆಯಲ್ಲೆಲ್ಲ ಕೂದಲೆಳೆಯಂತಹ ಗೀಟುಗಳನ್ನೆಳೆದನೆಂದರೆ, ಅಚ್ಚಾಗಿ ಬಂದ ಚಿತ್ರದಲ್ಲಿ ಅಜ್ಜಿಗೆ ಹತ್ತು ವರ್ಷ ಪ್ರಾಯ ಇಳಿದಿರುತ್ತಿತ್ತು. ಪೆನ್ಸಿಲಿನ ಗೀಟಾದರೋ ಅಳಿಸಲು ಬರುವಂಥದು. ಚೂರಿಯ ಮೊನೆಯಿಂದ ಕೆರೆದುದು ಮಾತ್ರ ಮರಳಿ ಬರುತ್ತಿರಲಿಲ್ಲ.

ಇಂದು ಆ ಪೆನ್ಸಿಲೂ ಚೂರಿಯೂ ಮನೆಯ ಕಂಪ್ಯೂಟರಿನೊಳಗೆ ಬಂದು ಕುಳಿತಿವೆ. ಮಗಳ ಮದುವೆಯಲ್ಲಿ ಡಿಜಿಟಲ್ ಕ್ಯಾಮೆರಾದಿಂದ ಸಾವಿರ ಚಿತ್ರ ತೆಗೆದ ಗೃಹಸ್ಥನಿಗೆ ತಂತ್ರಾಂಶದ ವಿಷಯದಲ್ಲಿ ಸಲಹೆಗಾರರ ಕೊರತೆಯಿಲ್ಲ. ಕಚೇರಿಯ ಮಿತ್ರರು ಫೋಟೋಶಾಪ್ ಎನ್ನುತ್ತಾರೆ. ಎಂಜಿನಿಯರಿಂಗ್ ಓದುವ ಸೋದರಳಿಯನು ಗಿಂಪ್ ಎನ್ನುತ್ತಾನೆ. ಎರಡೂ ಘನವಾದವುಗಳೇ. ಮಿಷಿಗನ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿ ಥಾಮಸ್ ನಾಲ್ 1987ರಲ್ಲಿ ಬರೆಯತೊಡಗಿ, ತಮ್ಮ ಜಾನ್ ನಾಲ್‌ನೊಡನೆ ಬೆಳೆಸಿದ ಕೃತಿ 1990ರಲ್ಲಿ ಅಡೋಬಿ ಸಂಸ್ಥೆಯ ಮೂಲಕ ಫೋಟೋಶಾಪ್ ಆಗಿ ಹೊರಬಂದಿತು. ಗಿಂಪ್ ಬರ್ಕ್ಲಿಯ ಇಬ್ಬರು ವಿದ್ಯಾರ್ಥಿಗಳು 1995ರಲ್ಲಿ ಹಮ್ಮಿಕೊಂಡದ್ದು. ಅದಕ್ಕೆ ಕಾಸು ಕೊಡಬೇಕಾದುದಿಲ್ಲ. ಆದರೆ ಓರೆಯಾದುದನ್ನು ನೆಟ್ಟಗೆ ಮಾಡಿ, ಅಂಚನ್ನು ಕತ್ತರಿಸಿ, ಛತ್ರದ ದೀಪದ ಹಳದಿಯನ್ನು ಇಳಿಸುವಷ್ಟಕ್ಕೇ ಇವನ್ನು ಕರೆತರುವುದು ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಬಿಟ್ಟಂತೆಯೇ ಸರಿ.

ಕೇಳಬೇಕಾದ ಪ್ರಶ್ನೆ ಬೇರೆಯದು: ತಿದ್ದಿದ ಮೇಲೆ ಮೂಲ ಚಿತ್ರದ ಗತಿಯೇನು? ಕ್ಯಾಮೆರಾಗಳು ಸಾಮಾನ್ಯವಾಗಿ ಚಿತ್ರವನ್ನು ಜೆಪೆಗ್ ಎಂಬ ರೂಪದಲ್ಲಿ ಕೂಡಿಡುತ್ತವೆ. ಜಾಗ ಉಳಿಸಲೆಂದು ಸ್ವಲ್ಪ ವಿವರವನ್ನು ಬಿಟ್ಟುಕೊಡುವುದು ಅದರ ಗುಣ. ತಿದ್ದಿ ಮತ್ತೆ ಅದೇ ಹೆಸರಿನಲ್ಲಿ ಉಳಿಸಿದರೆ ಇನ್ನಷ್ಟು ವಿವರ ಹೋಗುತ್ತದೆ, ಹಳೆಯದೂ ಇಲ್ಲವಾಗುತ್ತದೆ. ಚೂರಿಯಿಂದ ಕೆರೆದ ನೆಗೆಟಿವಿನ ಕಥೆಯೇ. ಡಾರ್ಕ್‌ಟೇಬಲ್, ಲೈಟ್‌ರೂಮ್ ಮೊದಲಾದವುಗಳ ಪದ್ಧತಿ ಹಾಗಲ್ಲ. ಅವು ಚಿತ್ರವನ್ನು ಮುಟ್ಟದೆ, 'ಇಷ್ಟು ಬೆಳಕು ಹೆಚ್ಚಿಸು, ಇಲ್ಲಿ ಕತ್ತರಿಸು' ಎಂಬ ಸೂಚನೆಗಳನ್ನಷ್ಟೆ ಬೇರೆ ಬರೆದಿಡುತ್ತವೆ. ಬೇಡವೆನಿಸಿದಾಗ ಸೂಚನೆಯನ್ನು ತೆಗೆದರಾಯಿತು. 'ರಾ' ಎಂಬ ಕಚ್ಚಾ ರೂಪದಲ್ಲಿ ತೆಗೆಯುವವರಿಗಂತೂ ಇಂಥದೇ ಬೇಕು. ಜೆಪೆಗ್‌ನಲ್ಲಿ ಒಂದೊಂದು ಬಣ್ಣಕ್ಕೆ 256 ಮೆಟ್ಟಿಲುಗಳಾದರೆ, 14 ಬಿಟ್‌ನ ಕಚ್ಚಾ ಚಿತ್ರದಲ್ಲಿ 16,384. ಮಂಟಪದ ನೆರಳಿನಲ್ಲಿ ಕಪ್ಪಗೆ ಕಂಡ ಬೀಗರ ಮುಖವನ್ನು ಮರಳಿ ಬೆಳಗಿಸಲು ಅಲ್ಲಿ ಅವಕಾಶ ಹೆಚ್ಚು.

ಎರಡನೆಯ ಪ್ರಶ್ನೆ, ತಂತ್ರಾಂಶವೇ ಇಲ್ಲವಾದರೆ? ಪಿಕಾಸಾ ಎಷ್ಟು ಮನೆಗಳ ನೆಚ್ಚಿನದಾಗಿತ್ತು! ಗೂಗಲ್ 2004ರಲ್ಲಿ ಅದನ್ನು ಕೊಂಡು ಉಚಿತವಾಗಿ ಹಂಚಿತು, 2016ರಲ್ಲಿ ಕೈಬಿಟ್ಟಿತು. ಪಿಕಾಸಾದ ತಿದ್ದುಪಡಿಗಳು ಆಯಾ ಚಿತ್ರಗಳ ಜೊತೆಗೇ ಸಣ್ಣದೊಂದು ಫೈಲಿನಲ್ಲಿ ಇರುತ್ತಿದ್ದವು. ಅದರ ಭಾಷೆ ಮಾತ್ರ ಬೇರೆ ತಂತ್ರಾಂಶಗಳಿಗೆ ಸಾಮಾನ್ಯವಾಗಿ ತಿಳಿಯದು. ಚಿತ್ರಗಳೇನೋ ಉಳಿದವು, ವರ್ಷಗಟ್ಟಲೆ ಕುಳಿತು ಮಾಡಿದ ಕೆಲಸ ಅತಂತ್ರವಾಯಿತು. ಚಂದಾ ಪದ್ಧತಿಯದು ಇನ್ನೊಂದು ಬಗೆಯ ಕಾಟ. 2013ರಿಂದ ಅಡೋಬಿ ಅದೇ ದಾರಿ ಹಿಡಿಯಿತು. ಚಂದಾ ನಿಂತೊಡನೆ ಲೈಟ್‌ರೂಮ್ ಕ್ಲಾಸಿಕ್‌ನಲ್ಲಿ ಚಿತ್ರಗಳು ಕಾಣಿಸುತ್ತವೆ, ತಿದ್ದುವ ಕೋಣೆಗೆ ಬೀಗ ಬೀಳುತ್ತದೆ. ಛಾಯಾಗ್ರಹಣವನ್ನೇ ವೃತ್ತಿಯಾಗಿ ಹಿಡಿದವನು ಬಾಡಿಗೆ ತೆತ್ತಾನು. ವರ್ಷಕ್ಕೆರಡು ಸಲ, ಗೌರಿಹಬ್ಬಕ್ಕೂ ಬೇಸಿಗೆ ರಜೆಗೂ ಕ್ಯಾಮೆರಾ ಹೊರತೆಗೆಯುವ ಸಂಸಾರಿಗೆ ಅದೇಕೆ?

ಅವನಿಗೆ ಡಿಜಿಕ್ಯಾಮ್‌ನಂಥ ಉಚಿತ ತಂತ್ರಾಂಶ ಧಾರಾಳವಾಗಿ ಸಾಕು. ಸಾವಿರದಲ್ಲಿ ಕಣ್ಣು ಮುಚ್ಚಿದವು, ಅಲುಗಿದವು, ಒಂದರಂತೆಯೇ ಇರುವ ಹತ್ತು, ಇವನ್ನೆಲ್ಲ ಬೇರ್ಪಡಿಸುವುದೇ ಮುಕ್ಕಾಲು ಕೆಲಸ. ಅದಕ್ಕೆ ಅದು ಅನುಕೂಲ. ಯಾರು ಯಾರೆಂಬ ಟಿಪ್ಪಣಿಯನ್ನು ಚಿತ್ರದ ಫೈಲಿನೊಳಗೇ ಬರೆದಿಡಲೂ ಬರುತ್ತದೆ. ಮೂಲಗಳನ್ನೆಲ್ಲ ಇನ್ನೊಂದು ಡಿಸ್ಕಿಗೆ ನಕಲು ಮಾಡಿಟ್ಟು, ತಿದ್ದಿ ಮುಗಿದವನ್ನು ಬೇರೆ ಹೆಸರಿನಲ್ಲಿ ಜೆಪೆಗ್ ಆಗಿ ಹೊರತೆಗೆದುಕೊಂಡರೆ, ನಾಳೆ ಯಾವ ಕಂಪೆನಿ ಅಂಗಡಿ ಮುಚ್ಚಿದರೂ ಆಲ್ಬಮ್ಮಿಗೆ ಧಕ್ಕೆಯಿಲ್ಲ.

ಇನ್ನು ಮುಖವನ್ನು ನುಣುಪಾಗಿಸುವ ಗುಂಡಿಯೊಂದು ಈಗ ಎಷ್ಟೋ ತಂತ್ರಾಂಶಗಳಲ್ಲಿ ಬರುತ್ತದೆ. ಮದುವಣಗಿತ್ತಿಗೆ ಒಪ್ಪಿದರೆ ಒತ್ತಬಹುದು. ಅಜ್ಜಿಯನ್ನು ಮಾತ್ರ ಒಂದು ಮಾತು ಕೇಳಿ ಒತ್ತುವುದು ಲೇಸು.