ಬ್ಯಾಟರಿಗೆ ಮೂರು ವರ್ಷ, ಬೆಟ್ಟಕ್ಕೆ ಎರಡು

ನಮ್ಮೂರಿನ ಹುಡುಗನೊಬ್ಬ 2009ರಲ್ಲಿ ಎರಡು ಲಾರಿ ಬ್ಯಾಟರಿ ಕದ್ದ. ಕದ್ದದ್ದು ನಿಜ, ಅವನೂ ಇಲ್ಲ ಅಂದಿಲ್ಲ. ಅದಿರಿನ ಲಾರಿಗೆ ಕ್ಲೀನರ್ ಆಗಿದ್ದ, ಮಾಲೀಕ ಮೂರು ತಿಂಗಳ ಪಗಾರ ಕೊಟ್ಟಿರಲಿಲ್ಲ. ಗೋಣಿಚೀಲದಲ್ಲಿ ಸುತ್ತಿ ಸೈಕಲ್ಲಿಗೆ ಕಟ್ಟಿಕೊಂಡು ಗುಜರಿ ಅಂಗಡಿಗೆ ಹೋಗುವಾಗ ಸಿಕ್ಕಿಬಿದ್ದ. ಕೋರ್ಟು ಬೇಗನೇ ಜಾಮೀನು ಕೊಟ್ಟಿತು. ಆದರೆ ಜಾಮೀನುದಾರನ ಹೆಸರಲ್ಲಿ ಪಹಣಿ ಇರಬೇಕಲ್ಲ! ಅಪ್ಪನ ಎರಡು ಎಕರೆ ಅದಿರು ಸುರಿಯುವ ಸ್ಟಾಕ್‌ಯಾರ್ಡಿಗೆ ಮಾರಿಹೋಗಿತ್ತು. ಪಹಣಿ ಇದ್ದ ಊರ ಹಿರಿಯರು ಕಳ್ಳನಿಗೆ ಸಹಿ ಹಾಕಲು ಬರಲಿಲ್ಲ. ಜಾಮೀನು ಸಿಕ್ಕೂ ಏಳು ತಿಂಗಳು ಒಳಗೇ ಇದ್ದ. ಕೊನೆಗೆ ವಕೀಲರು ದಾರಿ ತೋರಿಸಿದರು: "ತಪ್ಪು ಒಪ್ಕೊಂಡುಬಿಡಪ್ಪ, ಒಳಗಿದ್ದ ದಿನಾನೇ ಶಿಕ್ಷೆ ಅಂತ ಲೆಕ್ಕ ಹಿಡೀತಾರೆ." ಒಪ್ಪಿಕೊಂಡ, ಹೊರಬಂದ.

ಅವನು ಒಳಗಿದ್ದಾಗ ಸಂಡೂರು–ಹೊಸಪೇಟೆ ರಸ್ತೆಯಲ್ಲಿ ಹಗಲು ರಾತ್ರಿ ಲಾರಿಗಳ ಸಾಲು. ಜೋಳದ ಗರಿ ಒರೆಸಿದರೆ ಅಂಗೈ ಕೆಂಪಾಗುತ್ತಿತ್ತು. ನಮ್ಮ ಎಮ್ಮೆ ಮೇವು ಮೂಸಿ ಮುಖ ತಿರುಗಿಸುತ್ತಿತ್ತು. ಗುಡ್ಡದ ಮೇಲೆ ಶಾಲೆಯಲ್ಲಿರಬೇಕಾದ ಮಕ್ಕಳು ಸುತ್ತಿಗೆ ಹಿಡಿದು ಅದಿರು ಒಡೆಯುತ್ತಿದ್ದವು. ಆ ವರ್ಷದ ಆಗಸ್ಟ್‌ವರೆಗೂ ಅತಿ ಉತ್ತಮ ದರ್ಜೆಯ ಅದಿರಿಗೆ ಸರಕಾರಕ್ಕೆ ಬರುತ್ತಿದ್ದ ರಾಜಧನ ಟನ್ನಿಗೆ 27 ರೂಪಾಯಿ. ಅದೇ ಟನ್ನು ಚೀನಾದ ಹಡಗು ಹತ್ತುವಾಗ ಸಾವಿರಾರು ರೂಪಾಯಿ. ಇದು ಸಕ್ರಮದ ಲೆಕ್ಕ ಸ್ವಾಮಿ! ಅಕ್ರಮದ ಮಾತು ಇನ್ನೂ ಶುರುವೇ ಆಗಿಲ್ಲ.

ಪರ್ಮಿಟ್ ಇಲ್ಲದ ಲಾರಿ, ಪರ್ಮಿಟ್ಟಿಗಿಂತ ಹೆಚ್ಚು ಹೇರಿದ ಲಾರಿ, ಗಡಿಕಲ್ಲನ್ನೇ ಕಿತ್ತು ಅಗೆದ ಗಣಿ. ಪಾಲು ಕೊಟ್ಟರೆ ಯಾವ ಚೆಕ್‌ಪೋಸ್ಟಿನಲ್ಲೂ ತಡೆಯಿಲ್ಲ. ಈ ಏರ್ಪಾಡಿಗೆ 'ಜೀರೋ ರಿಸ್ಕ್' ಅಂತ ಹೆಸರು. ಲೋಕಾಯುಕ್ತ ಸಂತೋಷ್ ಹೆಗ್ಡೆ 2011ರ ಜುಲೈ 27ರಂದು ಕೊಟ್ಟ ವರದಿ ಇದನ್ನೆಲ್ಲ ಬಿಚ್ಚಿಟ್ಟು, ಬೊಕ್ಕಸಕ್ಕೆ ಆದ ನಷ್ಟ 16,085 ಕೋಟಿ ಎಂದಿತು. ಮುಖ್ಯಮಂತ್ರಿ ಯಡಿಯೂರಪ್ಪ ಕುರ್ಚಿ ಬಿಟ್ಟರು. ಕುರ್ಚಿ ಹೋದದ್ದೇ ದೊಡ್ಡ ಶಿಕ್ಷೆ ಎಂಬಂತೆ ನಾವೂ ಚಪ್ಪಾಳೆ ತಟ್ಟಿದೆವು. ಎಂಥ ಪೆದ್ದರು ನಾವು!

ಈಗ ಕಾನೂನಿನ ಪುಸ್ತಕ ತೆಗೆಯಿರಿ. ಬ್ಯಾಟರಿ ಕದ್ದರೆ ಆಗ ಜಾರಿಯಲ್ಲಿದ್ದ ಭಾರತೀಯ ದಂಡ ಸಂಹಿತೆಯ 379ನೇ ಕಲಮು, ಮೂರು ವರ್ಷದವರೆಗೆ ಜೈಲು. ಬೆಟ್ಟ ಕದ್ದರೆ? 1957ರ ಗಣಿ ಕಾಯ್ದೆಯ 21ನೇ ಕಲಮಿನಲ್ಲಿ ಆಗ ಇದ್ದದ್ದು ಹೆಚ್ಚೆಂದರೆ ಎರಡು ವರ್ಷ, ಇಲ್ಲವೇ 25,000 ರೂಪಾಯಿ ದಂಡ, ಇಲ್ಲವೇ ಎರಡೂ. ಬಳ್ಳಾರಿ ಬರಿದಾದ ಮೇಲೆ, 2015ರಲ್ಲಿ, ಅದನ್ನು ಐದು ವರ್ಷಕ್ಕೆ ಏರಿಸಿದರು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಮಾತಿನಲ್ಲೂ ಭೇದ ನೋಡಿ. ನಮ್ಮ ಹುಡುಗನದು 'ಕಳ್ಳತನ', ಅವರದು 'ಅನಧಿಕೃತ ಗಣಿಗಾರಿಕೆ'. ಅನುಮತಿ ಇಲ್ಲದೆ ತೆಗೆದ ಖನಿಜ ಕದ್ದ ಮಾಲೂ ಹೌದು, ಕಳ್ಳತನದ ಕೇಸನ್ನೂ ಹಾಕಬಹುದು ಎಂದು ಸುಪ್ರೀಂ ಕೋರ್ಟ್ ಬಾಯಿಬಿಟ್ಟು ಹೇಳಲು 2014 ಬರಬೇಕಾಯಿತು. ಅದೂ ಬಂದದ್ದು ಮರಳಿನ ಕೇಸುಗಳಲ್ಲಿ.

ಅಮೆರಿಕದ ಸಮಾಜಶಾಸ್ತ್ರಜ್ಞ ಸದರ್‌ಲ್ಯಾಂಡ್ 1939ರಲ್ಲಿ ಇಂಥವರ ಅಪರಾಧಕ್ಕೆ 'ಬಿಳಿ ಕಾಲರ್' ಎಂದು ಹೆಸರಿಟ್ಟ. ಕೆಂಪು ಧೂಳಿನ ಸಂಡೂರಿನ ಕಡೆ ಬಂದಿದ್ದರೆ ಆತ ಬಟ್ಟೆ ಒಗೆಯುವವರನ್ನೂ ಒಂದು ಮಾತು ಕೇಳುತ್ತಿದ್ದನೇನೋ.

ಬೇಲೆಕೇರಿಯ ಕತೆ ಕೇಳಿ. 2010ರ ಮಾರ್ಚಿನಲ್ಲಿ ಅಂಕೋಲಾ ಬಳಿಯ ಆ ಬಂದರಿನಲ್ಲಿ ಸುಮಾರು 5 ಲಕ್ಷ ಟನ್ ಅದಿರು ಜಪ್ತಿಯಾಯಿತು. ಜಪ್ತಿ ಎಂದರೆ ಅದು ನ್ಯಾಯಾಲಯದ ವಶದಲ್ಲಿರುವ ಮಾಲು. ಕೆಲವೇ ತಿಂಗಳಲ್ಲಿ ಅದರಲ್ಲಿ ಬಹುಪಾಲು ಮಾಯ. ಲಾರಿಗೆ 20 ಟನ್ ಎಂದರೂ 5 ಲಕ್ಷ ಟನ್ನಿಗೆ 25,000 ಲಾರಿ ಲೋಡು ಆಗುತ್ತದೆ. ಸೈಕಲ್ ಮೇಲಿನ ಗೋಣಿಚೀಲ ಕಂಡ ಪೊಲೀಸ್ ಕಣ್ಣಿಗೆ ಹಡಗು ಕಾಣಲಿಲ್ಲ. ಕಳವು ಹಿಡಿದ ಅರಣ್ಯಾಧಿಕಾರಿಯನ್ನೇ ಅಮಾನತು ಮಾಡಲು ಸರಕಾರ ಹೊರಟಿತು. ಸಂತೋಷ್ ಹೆಗ್ಡೆ ರೋಸಿ ರಾಜೀನಾಮೆ ಬರೆದರು, ಆಮೇಲೆ ಹಿಂದಕ್ಕೆ ಪಡೆದರು. ತೀರ್ಪು ಬಂದದ್ದು 14 ವರ್ಷದ ಮೇಲೆ, 2024ರ ಅಕ್ಟೋಬರಿನಲ್ಲಿ. ಕಾರವಾರದ ಶಾಸಕ ಸತೀಶ್ ಸೈಲ್ ಮತ್ತಿತರರಿಗೆ ಏಳು ವರ್ಷ. ನವೆಂಬರಿನಲ್ಲಿ ಹೈಕೋರ್ಟು ಆ ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿತು.

ಆಂಧ್ರ ಗಡಿಯ ಓಬಳಾಪುರಂ ಗಣಿಯ ಕೇಸು 2009ರದ್ದು. ಆ ಕೇಸಿನಲ್ಲಿ ಜಾಮೀನಿಗಾಗಿ ಲಂಚ ಎಂಬ ಆರೋಪದ ಮೇಲೆ 2012ರಲ್ಲಿ ನ್ಯಾಯಾಧೀಶರೇ ಅಮಾನತಾಗಿ, ಬಂಧನಕ್ಕೂ ಒಳಗಾದರು. ಪಹಣಿಯ ಗೋಜು ಅಲ್ಲಿ ಯಾರಿಗೂ ಬಂದಂತಿಲ್ಲ. ಆ ಕೇಸಿನ ಆರೋಪಿ ಜನಾರ್ದನ ರೆಡ್ಡಿ ಮೂರು ವರ್ಷಕ್ಕೂ ಮೇಲೆ ಜೈಲಿನಲ್ಲಿದ್ದದ್ದು ನಿಜ, ಅದನ್ನು ಮುಚ್ಚಿಡುವುದಿಲ್ಲ. 2025ರ ಮೇ 6ರಂದು ಹೈದರಾಬಾದಿನ ಸಿಬಿಐ ಕೋರ್ಟು ಏಳು ವರ್ಷ ಶಿಕ್ಷೆ ಕೊಟ್ಟಿತು, ಶಾಸಕ ಸ್ಥಾನ ಹೋಯಿತು. ಜೂನಿನಲ್ಲಿ ತೆಲಂಗಾಣ ಹೈಕೋರ್ಟು ಶಿಕ್ಷೆ ಅಮಾನತಿನಲ್ಲಿಟ್ಟಿತು, ಸ್ಥಾನ ಮರಳಿ ಬಂತು. ಮೇಲ್ಮನವಿ ಅವರ ಹಕ್ಕು, ಸಲ್ಲಿಸಲಿ. ತಪ್ಪು ಒಪ್ಪಿಕೊಂಡ ದಿನವೇ ನಮ್ಮ ಹುಡುಗ ಆ ಹಕ್ಕನ್ನು ಬಹುಪಾಲು ಕಳೆದುಕೊಂಡಿದ್ದ. ಹಾಗಂತ ಅವನಿಗೆ ಯಾರೂ ಹೇಳಲಿಲ್ಲ.

ಅವನಿಗೀಗ ಮೂವತ್ತೈದು ದಾಟಿದೆ, ಟಯರ್ ಪಂಕ್ಚರ್ ಅಂಗಡಿ ಇಟ್ಟಿದ್ದಾನೆ. ಚುನಾವಣೆ ಬಂದರೆ ಸಾಕು, ಠಾಣೆಯಿಂದ ಕರೆ. ಹಳೇ ಕಳ್ಳ, ಶಾಂತಿ ಕದಡಬಹುದಂತೆ, ಮುಚ್ಚಳಿಕೆ ಬರೆದುಕೊಡಬೇಕು. 2023ರ ಮೇ ಚುನಾವಣೆಯಲ್ಲಿ ಅಂಗಡಿ ಮುಚ್ಚಿಸಿ ಕರೆಸಿದ್ದರು, ನಾನೂ ಜೊತೆಗೆ ಹೋಗಿದ್ದೆ. ಗ್ರೀಸು ಮೆತ್ತಿದ ಬೆರಳಲ್ಲಿ ಪೆನ್ನು ಜಾರುತ್ತಿತ್ತು. "ಎಷ್ಟ್ ಸಲ ಬರೀಬೇಕ್ರಿ ಸರ, ಎರಡು ಬ್ಯಾಟರಿ ಅಷ್ಟ ಅಲ್ಲೇನ್ರಿ" ಅಂದ. ಪೇದೆ ನಕ್ಕು ಇಂಕ್ ಪ್ಯಾಡ್ ಮುಂದೆ ತಳ್ಳಿದ. ಆ ಚುನಾವಣೆಯಲ್ಲಿ ಸೈಲ್ ಕಾರವಾರದಿಂದ ಗೆದ್ದರು, ರೆಡ್ಡಿ ಗಂಗಾವತಿಯಿಂದ ಗೆದ್ದರು.