ಯೊಸಿಪ್ ಇಲಿಚಿಚ್: ಲೆಕ್ಕಕ್ಕೆ ಸಿಗದ ಎಡಗಾಲು

ಫುಟ್‌ಬಾಲ್ ಆಟಗಾರನೊಬ್ಬನ ಜಮಾಖರ್ಚು ತೆಗೆದು ನೋಡುವವರು ಮೊದಲು ಹುಡುಕುವುದು ಗೆದ್ದ ಕಪ್‌ಗಳನ್ನು. ಸ್ಲೊವೇನಿಯಾದ ಯೊಸಿಪ್ ಇಲಿಚಿಚ್ ಇಟಲಿಯಲ್ಲಿ ಹನ್ನೆರಡು ವರ್ಷ ಆಡಿದರೂ ಆ ಪುಟದಲ್ಲಿ ಬರೆಯಲು ಏನೂ ಇಲ್ಲ. ಆತನಿದ್ದ ತಂಡಗಳು ಇಟಾಲಿಯನ್ ಕಪ್‌ನ ಫೈನಲ್ ತಲುಪಿದ್ದು ನಾಲ್ಕು ಸಲ. 2011ರಲ್ಲಿ ಪಲೆರ್ಮೊ ಇಂಟರ್‌ಗೆ ಸೋತಿತು. 2014ರಲ್ಲಿ ಫಿಯೊರೆಂಟಿನಾ ನಾಪೋಲಿಗೆ ಸೋತಿತು. 2019ರಲ್ಲಿ ಅಟಲಾಂಟ ಲಾಜಿಯೊಗೆ, 2021ರಲ್ಲಿ ಅದೇ ಅಟಲಾಂಟ ಯುವೆಂಟಸ್‌ಗೆ ಸೋತಿತು. ಕೊನೆಗೂ ಅಟಲಾಂಟ 2024ರ ಮೇ ತಿಂಗಳಲ್ಲಿ ಡಬ್ಲಿನ್‌ನಲ್ಲಿ ಲೆವರ್‌ಕುಸೆನ್ ತಂಡವನ್ನು 3-0ರಿಂದ ಬಗ್ಗುಬಡಿದು ಯುರೋಪಾ ಲೀಗ್ ಗೆದ್ದಿತು. ಅಷ್ಟರಲ್ಲಿ ಇಲಿಚಿಚ್ ಕ್ಲಬ್ ಬಿಟ್ಟು ಎರಡು ವರ್ಷವಾಗುತ್ತ ಬಂದಿತ್ತು.

ಹಾಗಾದರೆ ಈತನ ವೃತ್ತಿಯನ್ನು ತಿರುಗಿ ನೋಡುವುದಾದರೂ ಏಕೆ? ಇಂಥ ಪ್ರಶ್ನೆ ಕೇಳುವವರು 2018ರಿಂದ 2020ರ ನಡುವೆ ಅಟಲಾಂಟದ ಆಟ ನೋಡಿರಲಿಕ್ಕಿಲ್ಲ.

ಆತನನ್ನು ಸ್ಟ್ರೈಕರ್ ಅನ್ನುವುದೂ ಒಂದು ಅನುಕೂಲಕ್ಕೆ. ಆರಡಿ ಮೀರಿದ ಎತ್ತರ, ಆದರೆ ಗೋಲಿನ ಮುಂದೆ ನಿಂತು ತಲೆಯೊಡ್ಡುವ ಆಳಲ್ಲ. ಬಲ ಅಂಚಿನಲ್ಲಿ ಎಲ್ಲೋ ಉದಾಸೀನನಾಗಿ ಅಡ್ಡಾಡುತ್ತಿರುತ್ತಾನೆ. ಚೆಂಡು ಎಡಗಾಲಿಗೆ ತಾಗಿದರೆ ಒಳಕ್ಕೆ ತಿರುಗುತ್ತಾನೆ; ಆತ ಒಳಕ್ಕೇ ತಿರುಗುತ್ತಾನೆಂದು ಎದುರಿನ ಡಿಫೆಂಡರ್‌ಗೂ ಗೊತ್ತು, ಗ್ಯಾಲರಿಯಲ್ಲಿರುವ ಮಗುವಿಗೂ ಗೊತ್ತು, ಆದರೂ ತಡೆಯಲಾಗುವುದಿಲ್ಲ. ಓಟದಲ್ಲಿ ವೇಗವಿಲ್ಲ. ಸದಾ ಅಲ್ಲಿ ನೋವು, ಇಲ್ಲಿ ನೋವು ಎಂದು ಗೊಣಗುತ್ತಿದ್ದುದಕ್ಕೆ ಅಟಲಾಂಟದ ಊರಾದ ಬೆರ್ಗಮೊದ ಸಹ ಆಟಗಾರರು ಆತನನ್ನು ‘ಅಜ್ಜಿ’ ಎಂದೇ ಕರೆಯುತ್ತಿದ್ದರು. 2020ರ ಜನವರಿಯಲ್ಲಿ ಟೊರಿನೊ ವಿರುದ್ಧ ಅಟಲಾಂಟ 7-0ರಿಂದ ಗೆದ್ದ ದಿನ ಈ ಅಜ್ಜಿ ಮೂರು ಗೋಲು ಹೊಡೆದ. ಅದರಲ್ಲೊಂದು ಮೈದಾನದ ನಡುಗೆರೆಯ ಹತ್ತಿರ ಸಿಕ್ಕ ಫ್ರೀಕಿಕ್‌ನಿಂದ ಬಂದದ್ದು. ಬೇರೆ ಯಾರಾದರೂ ಪಕ್ಕದವನಿಗೆ ಪಾಸ್ ಕೊಟ್ಟು ಸುಮ್ಮನಾಗುತ್ತಿದ್ದರು. ಗೋಲ್‌ಕೀಪರ್ ಮುಂದೆ ಬಂದು ನಿಂತಿದ್ದನ್ನು ಗಮನಿಸಿದ ಇಲಿಚಿಚ್ ಅಲ್ಲಿಂದಲೇ ಆತನ ತಲೆಯ ಮೇಲೆ ಹಾರಿಸಿಬಿಟ್ಟ.

ಇಷ್ಟು ಕಸುಬುಳ್ಳವನು ಇಪ್ಪತ್ತೆರಡರ ವಯಸ್ಸಿನವರೆಗೂ ಯಾರ ಕಣ್ಣಿಗೂ ಬೀಳಲಿಲ್ಲ ಎಂಬುದು ಆತನ ಕಥೆಗಿಂತ ಹೆಚ್ಚಾಗಿ ಫುಟ್‌ಬಾಲ್ ವ್ಯವಸ್ಥೆಯ ಕಥೆ. 1988ರಲ್ಲಿ ಬೋಸ್ನಿಯಾದ ಪ್ರಿಯೆಡೋರ್‌ನಲ್ಲಿ ಹುಟ್ಟಿದ. ಕೂಸಾಗಿದ್ದಾಗಲೇ ತಂದೆಯನ್ನು ಕಳೆದುಕೊಂಡ. ತಾಯಿ ಇಬ್ಬರು ಗಂಡುಮಕ್ಕಳನ್ನು ಕಟ್ಟಿಕೊಂಡು ಆಲ್ಪ್ಸ್ ತಪ್ಪಲಿನಲ್ಲಿರುವ ಸ್ಲೊವೇನಿಯಾದ ಕ್ರಾನ್ ಪಟ್ಟಣಕ್ಕೆ ಬಂದಳು. ಅಲ್ಲಿನ ಸಣ್ಣ ಕ್ಲಬ್‌ಗಳು, ಜೊತೆಗೆ ಫುಟ್ಸಾಲ್. ಚೆಂಡನ್ನು ಅಂಗಾಲಿನಡಿ ಎಳೆದುಕೊಂಡು ಕಾಯುವ, ಎದುರಾಳಿಯ ತೂಕ ಒಂದು ಕಾಲಿನ ಮೇಲೆ ಬೀಳುವವರೆಗೆ ತಡೆದು ಆಮೇಲೆ ಹೊರಡುವ ಆತನ ಅಭ್ಯಾಸವೆಲ್ಲ ಆ ಒಳಾಂಗಣದ ಗಟ್ಟಿ ನೆಲದ್ದು. 2010ರಲ್ಲಿ ಆತನಿದ್ದ ಇಂಟರ್‌ಬ್ಲಾಕ್ ತಂಡ ಮೊದಲ ದರ್ಜೆಯಿಂದ ಕೆಳಕ್ಕೆ ಜಾರಿತು. ಅದೇ ಜೂನ್‌ನಲ್ಲಿ ಸ್ಲೊವೇನಿಯಾ ದಕ್ಷಿಣ ಆಫ್ರಿಕಾದ ವಿಶ್ವಕಪ್‌ನಲ್ಲಿ ಆಡಿ, ಅಲ್ಜೀರಿಯಾವನ್ನು ಸೋಲಿಸಿ, ಅಮೆರಿಕದ ಜೊತೆ 2-2ರ ಡ್ರಾ ಮಾಡಿಕೊಂಡಿತ್ತು. ಇಲಿಚಿಚ್ ಮಾತ್ರ ಈ ಆಟವನ್ನೇ ಬಿಟ್ಟು ಫುಟ್ಸಾಲ್‌ಗೆ ಮರಳಿಬಿಡೋಣವೇ ಎಂದು ಯೋಚಿಸುತ್ತಿದ್ದ.

ಆಗ ಕರೆದವನು ಜ್ಲಾಟ್ಕೊ ಜಹೊವಿಚ್. ಸ್ಲೊವೇನಿಯಾಕ್ಕಾಗಿ 35 ಗೋಲು ಹೊಡೆದವನು. 2002ರ ವಿಶ್ವಕಪ್‌ನಲ್ಲಿ ಕೋಚ್ ಜೊತೆ ಜಗಳವಾಡಿ ಮನೆಗೆ ಕಳುಹಿಸಲ್ಪಟ್ಟವನೂ ಹೌದು. ಮಾರಿಬೋರ್ ಕ್ಲಬ್‌ನ ಕ್ರೀಡಾ ನಿರ್ದೇಶಕನಾಗಿದ್ದ ಆತ ಬೇಡವಾದ ಹುಡುಗನನ್ನು ಅಗ್ಗಕ್ಕೆ ಕೊಂಡುಕೊಂಡ. ತುಂಟ ಪ್ರತಿಭೆಯನ್ನು ಗುರುತಿಸಲು ತುಂಟನೇ ಬೇಕು ಅನ್ನಿಸುತ್ತದೆ. ಮುಂದಿನದೆಲ್ಲ ವಾರಗಳ ಲೆಕ್ಕದಲ್ಲಿ ನಡೆಯಿತು. ಆಗಸ್ಟ್‌ನಲ್ಲಿ ಯುರೋಪಾ ಲೀಗ್ ಪ್ಲೇಆಫ್‌ನಲ್ಲಿ ಮಾರಿಬೋರ್‌ಗೆ ಎದುರಾದದ್ದು ಪಲೆರ್ಮೊ. ಮಾರಿಬೋರ್ ಹೊರಬಿತ್ತು, ಆದರೆ ತವರಿನ ಪಂದ್ಯವನ್ನು 3-2ರಿಂದ ಗೆದ್ದಿತು, ಇಲಿಚಿಚ್ ಗೋಲು ಹೊಡೆದ. ಪಲೆರ್ಮೊದವರು ಪಂದ್ಯ ಮುಗಿಸಿಕೊಂಡು ಹೋಗುವಾಗ ಆತನನ್ನೂ, ಜೊತೆಗಾರ ಅರ್ಮಿನ್ ಬಾಚಿನೋವಿಚ್‌ನನ್ನೂ ಕೊಂಡುಕೊಂಡೇ ಹೋದರು. ಬೇಸಿಗೆಯ ಆರಂಭದಲ್ಲಿ ಆಟ ಬಿಡಲು ಹೊರಟವನು ಬೇಸಿಗೆ ಮುಗಿಯುವಷ್ಟರಲ್ಲಿ ಇಟಲಿಯ ಮೊದಲ ದರ್ಜೆಯ ಲೀಗ್ ‘ಸೀರಿ ಆ’ದ ಆಟಗಾರ.

ಪಲೆರ್ಮೊದ ಮೂರು ವರ್ಷ, ಫಿಯೊರೆಂಟಿನಾದ ನಾಲ್ಕು ವರ್ಷಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಒಂದು ಭಾನುವಾರ ಅದ್ಭುತ, ಮುಂದಿನ ಮೂರು ಭಾನುವಾರ ನಾಪತ್ತೆ. ಫ್ಲಾರೆನ್ಸ್‌ನ ಪ್ರೇಕ್ಷಕರು ಆತನಿಗೆ ಸಿಳ್ಳೆ ಹಾಕಿ ಅಣಕಿಸಿದ್ದೂ ಉಂಟು. ಸುಳ್ಳು ಹೇಳಬಾರದು, ಆ ಸಿಳ್ಳೆಗಳಲ್ಲಿ ಕೆಲವು ನ್ಯಾಯವೇ ಆಗಿದ್ದವು.

2017ರಲ್ಲಿ ಅಟಲಾಂಟ ಸೇರಿದಾಗ ವಯಸ್ಸು ಇಪ್ಪತ್ತೊಂಬತ್ತು, ಬಹಳ ಫಾರ್ವರ್ಡ್‌ಗಳು ಇಳಿಮುಖವಾಗುವ ಹೊತ್ತು. ಕೋಚ್ ಜಾನ್ ಪಿಯೆರೊ ಗ್ಯಾಸ್ಪೆರಿನಿಯ ಪದ್ಧತಿಯಾದರೋ ಮೈದಾನದ ತುಂಬ ಒಬ್ಬರಿಗೊಬ್ಬರು ಬೆನ್ನುಹತ್ತುವ, ಉಸಿರು ಕಟ್ಟಿಸುವ ಓಟದ್ದು. ಇಂಥ ತಂಡದಲ್ಲಿ ಈ ಸೋಮಾರಿ ಹೇಗೆ ಎಂದು ಯಾರಾದರೂ ಕೇಳಬಹುದಿತ್ತು. ಉತ್ತರ ಸರಳ: ಉಳಿದವರು ಓಡಿ ಓಡಿ ಎದುರಾಳಿಯನ್ನು ಚದುರಿಸುತ್ತಿದ್ದರು, ಚದುರಿದ ಜಾಗದಲ್ಲಿ ನಿಧಾನವಾಗಿ ಯೋಚಿಸಬಲ್ಲವನೊಬ್ಬ ಬೇಕಿತ್ತು. ಪಾಪು ಗೋಮೆಜ್, ದುವಾನ್ ಜಪಾಟಾ, ಇಲಿಚಿಚ್ ಈ ಮೂವರು ಸೇರಿದ ತಂಡ 2019-20ರ ಲೀಗ್‌ನಲ್ಲಿ 98 ಗೋಲು ಗಳಿಸಿತು. ಇಟಲಿಯ ಹಣವಂತ ಕ್ಲಬ್‌ಗಳಿಗೂ ಕನಸಿನಲ್ಲಿ ಬರದ ಸಂಖ್ಯೆ ಅದು.

ನಡುವೆ 2018ರಲ್ಲಿ ಕತ್ತಲೊಂದು ಹಾದುಹೋಗಿತ್ತು. ಮಾರ್ಚ್‌ನಲ್ಲಿ ಫಿಯೊರೆಂಟಿನಾದ ಹಳೆಯ ಜೊತೆಗಾರ ದಾವಿದೆ ಅಸ್ತೋರಿ ಹೋಟೆಲ್ ಕೋಣೆಯಲ್ಲಿ ನಿದ್ದೆಯಲ್ಲೇ ತೀರಿಕೊಂಡಿದ್ದ. ಆ ಬೇಸಿಗೆಯಲ್ಲಿ ಇಲಿಚಿಚ್‌ನ ದುಗ್ಧಗ್ರಂಥಿಗಳಿಗೆ ಸೋಂಕು ತಗುಲಿ ಆಸ್ಪತ್ರೆ ಸೇರಬೇಕಾಯಿತು. ಮಲಗಿದರೆ ಅಸ್ತೋರಿಯಂತೆ ತಾನೂ ಏಳದೇ ಹೋದರೆ ಎಂಬ ಭಯ ಕಾಡುತ್ತಿತ್ತೆಂದು ಆತನೇ ಮುಂದೆ ಹೇಳಿಕೊಂಡ. ಮರಳಿ ಬಂದು ಅಕ್ಟೋಬರ್‌ನಲ್ಲಿ ಕಿಯೆವೊ ವಿರುದ್ಧ ಮೂರು ಗೋಲು ಹೊಡೆದಾಗ ಎಲ್ಲರೂ ಆ ಭಯವನ್ನು ಮರೆತರು. ಆತ ಮರೆತಿದ್ದನೋ ಇಲ್ಲವೋ, ಯಾರೂ ಕೇಳಲಿಲ್ಲ.

ಇನ್ನು ವಲೆನ್ಸಿಯಾದ ಆ ರಾತ್ರಿ. 2020ರ ಫೆಬ್ರುವರಿ 19ರಂದು ಮಿಲಾನ್‌ನ ಸ್ಯಾನ್ ಸಿರೊದಲ್ಲಿ ನಡೆದ ಮೊದಲ ಪಂದ್ಯದಲ್ಲಿ ಅಟಲಾಂಟ ವಲೆನ್ಸಿಯಾವನ್ನು 4-1ರಿಂದ ಸೋಲಿಸಿತ್ತು. ಅದು ಚಾಂಪಿಯನ್ಸ್ ಲೀಗ್‌ನಲ್ಲಿ ಕ್ಲಬ್‌ನ ಮೊದಲ ವರ್ಷ. ಬೆರ್ಗಮೊದಿಂದ ನಲವತ್ತು ಸಾವಿರದಷ್ಟು ಜನ ಹಬ್ಬಕ್ಕೆಂಬಂತೆ ಹೋಗಿದ್ದರು. ಆ ಜನಸಾಗರವೇ ಕೊರೊನಾ ಹಬ್ಬಲು ಒಂದು ಕಾರಣವಾಯಿತೆಂಬ ಮಾತು ಆಮೇಲೆ ಎದ್ದಿತು. ಮಾರ್ಚ್ 10ರ ಎರಡನೇ ಪಂದ್ಯಕ್ಕೆ ವಲೆನ್ಸಿಯಾದ ಮೆಸ್ತಾಯ ಕ್ರೀಡಾಂಗಣದ ಬಾಗಿಲು ಪ್ರೇಕ್ಷಕರಿಗೆ ಮುಚ್ಚಿತ್ತು. ಮೂರನೇ ನಿಮಿಷದಲ್ಲಿ ಇಲಿಚಿಚ್‌ನನ್ನೇ ಕೆಡವಿದ್ದಕ್ಕೆ ಪೆನಾಲ್ಟಿ, ಆತನೇ ಹೊಡೆದ. ಅರ್ಧ ಸಮಯಕ್ಕೆ ಮೊದಲು ಇನ್ನೊಂದು ಪೆನಾಲ್ಟಿ. ವಲೆನ್ಸಿಯಾ ಛಲಬಿಡದೆ 3-2ಕ್ಕೆ ಏರಿತು. ಆಗ 71ನೇ ನಿಮಿಷದಲ್ಲಿ ಒಂದು, 82ನೇ ನಿಮಿಷದಲ್ಲಿ ಮತ್ತೊಂದು. ಕೊನೆಯದು ಬಾಕ್ಸ್ ಅಂಚಿನಿಂದ ಎಡಗಾಲಲ್ಲಿ ಬಾಗಿಸಿ ಮೇಲ್ಮೂಲೆಗೆ ಇಟ್ಟದ್ದು. ಚಾಂಪಿಯನ್ಸ್ ಲೀಗ್ ನಾಕೌಟ್‌ನಲ್ಲಿ ಎದುರಾಳಿಯ ಅಂಗಳದಲ್ಲಿ ನಾಲ್ಕು ಗೋಲು ಹೊಡೆದ ಮೊದಲಿಗ ಆತ. ಮೂವತ್ತೆರಡರ ವಯಸ್ಸು, ಚಪ್ಪಾಳೆ ತಟ್ಟಲು ಒಂದು ನರಪಿಳ್ಳೆಯೂ ಇಲ್ಲ. ಎಂಟು ದಿನಗಳ ನಂತರ ಬೆರ್ಗಮೊದ ಬೀದಿಗಳಲ್ಲಿ ಶವಪೆಟ್ಟಿಗೆ ಹೊತ್ತ ಸೇನಾ ಲಾರಿಗಳ ಸಾಲು ಹೊರಟಿತು.

ಕೊರೊನಾದಿಂದ ನಿಂತಿದ್ದ ಲೀಗ್ ಪುನಃ ಶುರುವಾದಾಗ ಇಲಿಚಿಚ್ ಬಂದ, ಆದರೆ ಬಂದದ್ದು ಆತನಲ್ಲ ಎನ್ನುವಂತಿತ್ತು. ಜುಲೈನಲ್ಲಿ ಮನಸ್ಸು ಕುಗ್ಗಿ ತಂಡ ಬಿಟ್ಟು ಸ್ಲೊವೇನಿಯಾಕ್ಕೆ ಹೊರಟುಹೋದ. ಆಗಸ್ಟ್ 12ರಂದು ಲಿಸ್ಬನ್‌ನಲ್ಲಿ ನಡೆದ ಚಾಂಪಿಯನ್ಸ್ ಲೀಗ್ ಕ್ವಾರ್ಟರ್ ಫೈನಲ್‌ನಲ್ಲಿ ಪ್ಯಾರಿಸ್ ಸೇಂಟ್ ಜರ್ಮೇನ್ ವಿರುದ್ಧ ಅಟಲಾಂಟ 90ನೇ ನಿಮಿಷದವರೆಗೂ 1-0ರಿಂದ ಮುಂದಿದ್ದು, ಮೂರು ನಿಮಿಷದೊಳಗೆ ಎರಡು ಗೋಲು ಬಿಟ್ಟುಕೊಟ್ಟಿತು. ಇಲಿಚಿಚ್ ಇದ್ದಿದ್ದರೆ ಏನಾಗುತ್ತಿತ್ತು ಎಂದು ಬೆರ್ಗಮೊದ ಜನ ಈಗಲೂ ಮಾತಾಡಿಕೊಂಡರೆ ಅಚ್ಚರಿಯಿಲ್ಲ. ಆತನ ಮನೆಯ ಬಗ್ಗೆ ಆಗ ಹಬ್ಬಿದ ಗಾಳಿಮಾತುಗಳನ್ನು ಇಲ್ಲಿ ಎತ್ತುವುದು ಬೇಡ. ಕ್ಲಬ್ ಮಾತ್ರ ಆತನನ್ನು ದೂರಲಿಲ್ಲ, ಕಾದಿತು. ಆಟಗಾರರನ್ನು ತಿಂಗಳುಗಟ್ಟಲೆ ಕಾಯುವ ಅಭ್ಯಾಸ ಈ ವ್ಯಾಪಾರದಲ್ಲಿ ಅಪರೂಪ. ನವೆಂಬರ್‌ನಲ್ಲಿ ಆ್ಯನ್‌ಫೀಲ್ಡ್‌ನಲ್ಲಿ ಲಿವರ್‌ಪೂಲ್ ವಿರುದ್ಧ 2-0ರಿಂದ ಗೆದ್ದಾಗ ಮೊದಲ ಗೋಲು ಆತನದ್ದು. ಅಲ್ಲೂ ಗ್ಯಾಲರಿ ಖಾಲಿ. 2022ರ ಆರಂಭದಲ್ಲಿ ಮತ್ತೆ ಹಿಂದೆ ಸರಿದ. ಆ ವರ್ಷ ಅಟಲಾಂಟದ ನಂಟು ಮುಗಿಯಿತು, ಮಾರಿಬೋರ್‌ಗೆ ಮರಳಿದ.

ಈ ಭಾಗವನ್ನು ದುರಂತಗಾಥೆಯಂತೆ ಹಾಡುವ ಚಪಲ ಇಟಲಿಯ ಪತ್ರಿಕೆಗಳಿಗೂ ಇತ್ತು. ನಮ್ಮ ತಕರಾರು ಅಲ್ಲೇ ಇದೆ. ನೊಂದವನೆಂಬ ಕನಿಕರದಲ್ಲಿ ಆತನ ಆಟ ಮರೆಯಾಗಬಾರದು. ಹತ್ತು ವರ್ಷ ಒಳ್ಳೆಯ ಆಟಗಾರ, ಎರಡು ವರ್ಷ ಯುರೋಪಿನ ಅತ್ಯುತ್ತಮರ ಸಾಲಿನವನು: ಲೆಕ್ಕ ಇಷ್ಟೇ, ಮತ್ತು ಇದು ಸಣ್ಣ ಲೆಕ್ಕವಲ್ಲ.

ಉಳಿದಿದ್ದ ಕೊರತೆ ದೇಶದ ಅಂಗಿಯದು. ಆತ ರಾಷ್ಟ್ರೀಯ ತಂಡಕ್ಕೆ ಬಂದದ್ದು 2010ರ ವಿಶ್ವಕಪ್ ಮುಗಿದ ಮೇಲೆ. ಆಮೇಲೆ ಹದಿನಾಲ್ಕು ವರ್ಷ ಸ್ಲೊವೇನಿಯಾ ಯಾವ ದೊಡ್ಡ ಟೂರ್ನಿಯಲ್ಲೂ ಆಡಲಿಲ್ಲ. 2024ರ ಯುರೋಗೆ ಕೋಚ್ ಮಾತ್ಯಾಜ್ ಕೆಕ್ ಮೂವತ್ತಾರರ ಇಲಿಚಿಚ್‌ನನ್ನು ಕರೆದಾಗ ಕೆಲವರಿಗೆ ಅದು ದಾಕ್ಷಿಣ್ಯದಂತೆ ಕಂಡಿರಬಹುದು. ಅಭ್ಯಾಸ ಪಂದ್ಯದಲ್ಲಿ ಅರ್ಮೇನಿಯಾ ವಿರುದ್ಧ ಗೋಲು ಹೊಡೆದು ಆ ಮಾತಿಗೆ ಆತನೇ ಉತ್ತರ ಕೊಟ್ಟ. ಡೆನ್ಮಾರ್ಕ್, ಸರ್ಬಿಯಾ, ಇಂಗ್ಲೆಂಡ್ ವಿರುದ್ಧದ ಮೂರೂ ಪಂದ್ಯ ಡ್ರಾ ಮಾಡಿಕೊಂಡು ಸ್ಲೊವೇನಿಯಾ ತನ್ನ ಇತಿಹಾಸದಲ್ಲೇ ಮೊದಲ ಬಾರಿ ನಾಕೌಟ್ ಹಂತ ತಲುಪಿತು.

ಜುಲೈ 1, ಫ್ರಾಂಕ್‌ಫರ್ಟ್, ಎದುರಿಗೆ ಪೋರ್ಚುಗಲ್. ಹೆಚ್ಚುವರಿ ಅವಧಿಯಲ್ಲಿ ರೊನಾಲ್ಡೊನ ಪೆನಾಲ್ಟಿಯನ್ನು ಯಾನ್ ಒಬ್ಲಾಕ್ ತಡೆದ. ಪಂದ್ಯ ಮುಗಿಯಲು ಐದು ನಿಮಿಷವಿದ್ದಾಗ ಪೆಪೆಯ ಎಡವಟ್ಟಿನಿಂದ ಬೆಂಜಮಿನ್ ಶೆಶ್ಕೊ ಒಬ್ಬನೇ ಗೋಲಿನತ್ತ ನುಗ್ಗಿದ. ಗೋಲ್‌ಕೀಪರ್ ದಿಯೊಗೊ ಕೋಸ್ಟ ಕಾಲಿನಲ್ಲಿ ತಡೆದ. ಶೆಶ್ಕೊಗೆ ಆಗ ಇಪ್ಪತ್ತೊಂದು. ಹದಿನಾರಕ್ಕೇ ಸಾಲ್ಜ್‌ಬರ್ಗ್ ಕ್ಲಬ್ ಗುರುತಿಸಿ ಒಯ್ದ ಹುಡುಗ, ಅಲ್ಲಿಂದ ಲೈಪ್‌ಜಿಗ್, 2025ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್. ಪ್ರತಿ ಮೆಟ್ಟಿಲೂ ಮೊದಲೇ ಕಟ್ಟಿಟ್ಟಂತೆ. ಸ್ಲೊವೇನಿಯಾದ ಪ್ರತಿಭೆ ಈಗ ಹಾಗೆ ಬೇಗ ಕಣ್ಣಿಗೆ ಬೀಳುವುದು ಒಳ್ಳೆಯದೇ. ಆದರೆ ಹದಿನಾರಕ್ಕೆ ವೇಗ ಅಳೆಯುವ ಜರಡಿಯಲ್ಲಿ ಇಪ್ಪತ್ತೆರಡಕ್ಕೂ ನಿಧಾನವಾಗಿದ್ದ ಇಲಿಚಿಚ್ ಉಳಿಯುತ್ತಿದ್ದನೆಂದು ನನಗನ್ನಿಸುವುದಿಲ್ಲ.

ಗೋಲಿಲ್ಲದೆ ಮುಗಿದ ಆ ಪಂದ್ಯದ ಶೂಟೌಟ್‌ಗೆ ಮೊದಲಿಗನಾಗಿ ಹೊರಟವನು ಬದಲಿಯಾಗಿ ಇಳಿದಿದ್ದ ಇಲಿಚಿಚ್. ತಂಡದಲ್ಲಿ ಆ ಹೊರೆ ಹೊರಲು ಆತನಿಗಿಂತ ತಕ್ಕವರಿರಲಿಲ್ಲ, ಕೆಕ್‌ನ ನಿರ್ಧಾರ ಸರಿಯೇ ಇತ್ತು. ಚೆಂಡು ಹೋದ ದಿಕ್ಕಿಗೇ ಕೋಸ್ಟ ಹಾರಿದ. ಮುಂದಿನ ಇಬ್ಬರದ್ದನ್ನೂ ಆತ ತಡೆದ, ಸ್ಲೊವೇನಿಯಾ 0-3ರಿಂದ ಹೊರಬಿತ್ತು.